ಕಾಲಡಿಯ ಗೋಣಿಚೀಲ

ರಾಜ್ಯದ ಗಡಿಯಾಚೆ, ಚಾಕಣದ ನಮ್ಮ ಕಾರ್ಖಾನೆಯಲ್ಲಿ ಭಾರದ ಟ್ರಾಲಿ ದೂಡುತ್ತಿದ್ದ ಕಾಕಾ ನನ್ನ ಹಾಗೆಯೇ ವಿಜಯಪುರದ ಕಡೆಯವರು. ಅವರ ಪಾಳಿಯಲ್ಲಿ ಬಹುತೇಕ ನಮ್ಮ ಕಡೆಯವರೇ ಇದ್ದರು. ಎಣ್ಣೆ ಚೆಲ್ಲಿದ ನೆಲದ ಮೇಲೆ ಕಾಕಾ ಮೊದಲು ಗೋಣಿಚೀಲ ಹಾಸಿ, ಅದರ ಮೇಲೆ ಬೂಟು ಉಜ್ಜಿ, ಆಮೇಲೆಯೇ ಟ್ರಾಲಿಗೆ ಕೈ ಹಚ್ಚುತ್ತಿದ್ದರು. "ಪೂಜಿಗಿ ಕುಂದರ್ತೀರೇನ್ ಕಾಕಾ?" ಎಂದು ಜೊತೆಯವರು ಕಾಡಿಸಿದರೆ "ಹೌದ್ರಿ" ಎನ್ನುತ್ತಿದ್ದರು. ಯಾರು ಏನೇ ಅಂದರೂ ಅವರದು ಅದೊಂದೇ ಮಾತು.

ನಾನು ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ, ಹೊಸ ಇಂಜಿನಿಯರ್. ಸುರಕ್ಷತೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಎದುರುಬದುರು ಎರಡು ಬಾಣ ಬರೆದು, ನಾವು ಟ್ರಾಲಿಯನ್ನು ಎಷ್ಟು ದೂಡುತ್ತೇವೋ ಅದೂ ನಮ್ಮನ್ನು ಅಷ್ಟೇ ದೂಡುತ್ತದೆ ಎಂದೆ.

"ಎರಡೂ ಸಮ ಇದ್ರ ಗಾಡಿ ಹೆಂಗ ಮುಂದ ಹೋಗ್ತದ್ರಿ ಸಾಹೇಬ್ರ?" ಎಂದು ಕಾಕಾ ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ನಿಯಮವನ್ನು ಬಾಯಿಪಾಠ ಮಾಡಿಯೇ ಪಾಸಾಗಿದ್ದೆ. "ಅದು ಸಾಲಿ ಕಲ್ತವರಿಗೆ ತಿಳೀತದ, ಬಿಡ್ರಿ" ಎಂದೆ. ಎಲ್ಲರೂ ನಕ್ಕರು. "ಹೌದ್ರಿ" ಎಂದು ಅವರು ಕೂತರು.

ಮರುದಿನ ಅವಸರದಲ್ಲಿ ನಾನೇ ಟ್ರಾಲಿಗೆ ಕೈ ಹಚ್ಚಿದೆ. ಅದು ಅಲುಗಲಿಲ್ಲ, ನಾನೇ ಹಿಂದಕ್ಕೆ ಜಾರಿ ಮಂಡಿಯೂರಿದೆ. ಕಾಕಾ ನನ್ನ ಕಾಲಡಿ ಗೋಣಿಚೀಲ ಹಾಸಿ, ಬೇರೆ ಯಾರಿಗೂ ಕೇಳಿಸದಂತೆ ಹೇಳಿದರು: "ಗಾಡಿ ನಮ್ಮನ್ನ ಹಿಂದಕ ದಬ್ಬೂದು ಖರೇನ ಅದ್ರಿ. ಆದ್ರ ನಮ್ಮನ್ನ ನೆಲ ಹಿಡ್ಕೊಂಡಿರ್ತದ. ಗಾಡೀನ ಯಾರ್ ಹಿಡೀತಾರ್ರಿ? ಅದರ ಕೆಳಗ ಗಾಲಿ ಅದಾವ."

ಮುಂದಿನ ತರಗತಿಯಲ್ಲಿ ಅದನ್ನೇ ಚಿತ್ರ ಬರೆದು ವಿವರಿಸಿದೆ. ಯಾರು ಹೇಳಿಕೊಟ್ಟರೆಂದು ಮಾತ್ರ ಹೇಳಲಿಲ್ಲ.

"ಸಾಹೇಬ್ರು ಭಾಳ ಚಲೋ ತಿಳಿಸಿ ಹೇಳಿದ್ರು" ಎಂದು ಯಾರೋ ಅಂದರು.

ಕೊನೆಯ ಸಾಲಿನಿಂದ ಎಲ್ಲರಿಗಿಂತ ಮೊದಲು "ಹೌದ್ರಿ" ಎಂದವರು ಕಾಕಾ.