ಮೀನಿನ ಬುಟ್ಟಿಗೆ ಬಿದ್ದ ಡಿಸ್ಕು

ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ಮೀನು ಮಾರುವ ದೇವಕಿಯ ತಲೆಯ ಮೇಲೆ ಪ್ಲಾಸ್ಟಿಕ್ ತಟ್ಟೆ ಎಸೆದೆ.

ಬೇಕೆಂದು ಎಸೆದದ್ದಲ್ಲ. ಕೋಡಿಬಾಗದಲ್ಲಿರುವ ಮಗಳ ಮನೆಯ ಹಿತ್ತಲಲ್ಲಿ ನಿಂತು ಪೇರಲೆ ಗಿಡಕ್ಕೆ ಗುರಿಯಿಟ್ಟಿದ್ದೆ. ಅದು ಗಿಡವನ್ನು ಬಿಟ್ಟು, ಬಾವಿಕಟ್ಟೆ ದಾಟಿ, ಆಗಷ್ಟೇ ಒಳಗೆ ಬರುತ್ತಿದ್ದ ದೇವಕಿಯ ಬುಟ್ಟಿಯಲ್ಲಿ, ಬೈತಖೋಲ ಬಂದರಿನಿಂದ ಬಂದ ಬಂಗಡೆಗಳ ಮೇಲೆ ಹೋಗಿ ಕೂತಿತು.

ದೇವಕಿ ಬುಟ್ಟಿ ಇಳಿಸಿದಳು. ತಟ್ಟೆಯನ್ನು ಎತ್ತಿ ಎರಡೂ ಬದಿ ನೋಡಿದಳು.

"ಮೀನು ಬ್ಯಾಡಾಂದ್ರೆ ಹೇಳೂಕೆ ಆಗೂದಿಲ್ವಾ ಅಮ್ಮಾ? ಹೊಡ್ದು ಓಡ್ಸೂದಾ?"

ಅದು ತಟ್ಟೆಯಲ್ಲ ಮಕ್ಕಳೇ, ಡಿಸ್ಕು. (ನಾನಿಲ್ಲಿ ಬರೆಯುವುದು ಮೊಮ್ಮಕ್ಕಳಿಗೆ ಎಂಬುದು ನಿಮಗೆಲ್ಲ ಗೊತ್ತು. ದೊಡ್ಡವರು ಓದಿದರೆ ಬೇಡವೆನ್ನುವುದಿಲ್ಲ.) ಆಟದ ಹೆಸರು ಡಿಸ್ಕ್ ಗಾಲ್ಫ್. ಒಂದು ಕಬ್ಬಿಣದ ಕಂಬ, ಅದಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗಳು. ದೂರದಿಂದ ಡಿಸ್ಕು ಎಸೆಯಬೇಕು. ಅದು ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಮುಗಿಯಿತು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ.

ಇದನ್ನು ಮನೆಗೆ ತಂದವಳು ಮೊಮ್ಮಗಳು ತನ್ವಿ. ಅವಳ ಕಾಲೇಜಿನವರು ಕಾರವಾರದ ಕಡಲ ದಂಡೆಯ ಗಾಳಿಮರಗಳ ನಡುವೆ ಬುಟ್ಟಿಗಳನ್ನು ನಿಲ್ಲಿಸಿದ್ದಾರೆ. ಅಲ್ಲಿ ಒಂದು ಭಾನುವಾರ ಜೋಡಿ ಆಟ. ಒಬ್ಬರು ವಿದ್ಯಾರ್ಥಿ, ಇನ್ನೊಬ್ಬರು ಅವರ ಮನೆಯ ಹಿರಿಯರು. ಅವಳ ಅಪ್ಪ ಹಡಗಿನ ಕೆಲಸದವರು, ಊರಲ್ಲಿಲ್ಲ. ಅಮ್ಮನಿಗೆ, ಎಂದರೆ ನನ್ನ ಮಗಳು ಸುನಂದಾಗೆ, ಆ ಭಾನುವಾರ ಡ್ಯೂಟಿ. ಉಳಿದವಳು ನಾನು.

"ನೀನೇ ಬಾ ಅಜ್ಜಿ."

"ನಾನಾ? ಅಷ್ಟ್ ಮಂದಿ ಎದ್ರಿಗೆ? ಹುಚ್ಚು ಹಿಡೀತಾ ನಿಂಗೆ?"

"ಹಂಗಾರೆ ನಾನೂ ಆಡೂದಿಲ್ಲ. ಜೋಡಿ ಇಲ್ದೆ ಸೇರ್ಸ್ಕಣೂದಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ನಾನು ಬಗ್ಗುತ್ತಿರಲಿಲ್ಲ. ಮೆಲ್ಲಗೆ ಹೇಳಿ, ಡಿಸ್ಕುಗಳನ್ನು ಒರೆಸಿ ಕಪಾಟಿನ ಮೇಲಿಟ್ಟಳು. ಮಳೆ ನಿಂತಾಗಿನಿಂದ ದಿನಾ ಆಡಿದ ಹುಡುಗಿ.

ನನ್ನ ನಾಚಿಕೆ ಇಂದಿನದಲ್ಲ. ಹಾರವಾಡದ ಶಾಲೆಯಲ್ಲಿ ಪದ್ಯ ಹೇಳಲು ಕರೆದರೆ ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದೆ. ನಿಮ್ಮ ಅಜ್ಜ ಹೋದ ಮೇಲಂತೂ ಅನುಕೂಲವೇ ಆಯಿತು. ಮದುವೆಮನೆಯಲ್ಲಿ ಮುಂದೆ ಬಾ ಎಂದು ಯಾರೂ ಕರೆಯುವುದಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ ಒಂದು ಕುರ್ಚಿ ಇರುತ್ತದೆ. ನನ್ನಂಥವರಿಗೆಂದೇ ಹಾಕಿದ್ದು. ನಾಚಿಕೆಯವಳಿಗೆ ಅದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ?

ಆದರೂ ಕಪಾಟಿನ ಮೇಲಿನ ಡಿಸ್ಕು ಕಣ್ಣಿಗೆ ಚುಚ್ಚುತ್ತಿತ್ತು. ನೋಡೋಣ ಎಂದೆ. ಹಿತ್ತಲಲ್ಲಿ ಮಾತ್ರ.

ಸಮಯ ಎಲ್ಲಿದೆ? ಸುನಂದಾ ಆಫೀಸಿಗೆ ಹೊರಟ ಮೇಲೆ, ದೇವಕಿ ಬರುವುದರೊಳಗೆ. ಅಷ್ಟೇ. ಅವಳು ಬಂದಳೆಂದರೆ ಮೀನು ಆರಿಸಬೇಕು, ಹೆಚ್ಚಬೇಕು, ಮಸಾಲೆ ಅರೆಯಬೇಕು.

ಆ ಚೂರು ಸಮಯವನ್ನೂ ಮೊದಲ ವಾರ ಹಾಳು ಮಾಡಿದೆ. ಇದ್ದ ಡಿಸ್ಕುಗಳನ್ನೆಲ್ಲ ಶಕ್ತಿ ಹಾಕಿ ದೂರಕ್ಕೆ ಎಸೆಯುವುದು, ಆಮೇಲೆ ದಾಸವಾಳದ ಬುಡದಲ್ಲಿ ಹುಡುಕುವುದು. ಎಸೆದದ್ದಕ್ಕಿಂತ ಹುಡುಕಿದ್ದೇ ಹೆಚ್ಚು. ಭುಜ ಬೇರೆ ಹಿಡಿಯಿತು. ಬಂಗಡೆಯ ಪ್ರಸಂಗ ನಡೆದದ್ದು ಆಗಲೇ.

ಸಂಜೆ ಕಥೆ ಕೇಳಿ ತನ್ವಿ ನಗುವುದನ್ನು ಮುಗಿಸಿದ ಮೇಲೆ ಹಳೆಯ ಬಿದಿರಿನ ಬುಟ್ಟಿಯೊಂದನ್ನು ಪೇರಲೆ ಕೊಂಬೆಗೆ ಕಟ್ಟಿದಳು. ಅದರ ಎದುರಿಗೇ ನನ್ನನ್ನು ನಿಲ್ಲಿಸಿದಳು.

"ಹೊತ್ತಿಲ್ದವ್ರು ದೂರ ಎಸೂಕೆ ಹೋಗೂದಲ್ಲ ಅಜ್ಜಿ. ಇಲ್ಲಿಂದ ಹಾಕು. ಬೀಳ್ತಾ ಇದ್ರೆ ಒಂದ್ ಹೆಜ್ಜೆ ಹಿಂದೆ ಹೋಗು. ತಪ್ತಾ, ಮತ್ತೆ ಮುಂದೆ ಬಾ."

"ಇಷ್ಟ್ ಹತ್ರದಿಂದ ಯಾರಿಗಾರೂ ಬತ್ತದೆ."

"ಎಲ್ರೂ ತಪ್ಪೂದು ಇಷ್ಟ್ ಹತ್ರದಲ್ಲೇ."

ನಿಜವೇ ಆಗಿತ್ತು. ಹತ್ತಿರ ನಿಂತ ಮೇಲೆ ಹುಡುಕಾಟ ತಪ್ಪಿತು. ಡಿಸ್ಕನ್ನು ನೋಡುವುದು ಬಿಟ್ಟು ಬುಟ್ಟಿಯನ್ನೇ ನೋಡಿದೆ. ಎಸೆದ ಮೇಲೂ ಕೈಯನ್ನು ಬುಟ್ಟಿಯ ಕಡೆಗೇ ಚಾಚಿ ಹಿಡಿದೆ. ಬೀಳತೊಡಗಿತು. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು ಬಾವಿಕಟ್ಟೆಯವರೆಗೆ ಬಂದೆ.

ಒಂದು ದಿನ ದೇವಕಿ ಬೇಗ ಬಂದವಳು ಮೆಟ್ಟಿಲ ಮೇಲೆ ಕೂತಳು. "ಹಾಕಿ, ನಾನೂ ನೋಡ್ತೆ."

ತಪ್ಪಿತು. ಮತ್ತೆ ತಪ್ಪಿತು. ಅವಳು ಮುಖ ತಿರುಗಿಸಿದಳು, ಬಿತ್ತು. ಈ ಕಡೆ ತಿರುಗಿದಳು, ಬೇಲಿ ದಾಟಿತು.

"ನನ್ ಕಣ್ಣೇ ಕೆಟ್ಟದ್ದಾ ಹ್ಯಾಂಗೆ?"

"ಕೆಟ್ಟದ್ದಲ್ಲ ಮಾರಾಯ್ತಿ. ಕಣ್ಣು ಇದ್ದದ್ದೇ ಕಷ್ಟ."

ಆ ರಾತ್ರಿ ಊಟ ಮಾಡುವಾಗ ಹೊಳೆಯಿತು. ಕೈಗೆ ಅಭ್ಯಾಸವಾಗಿದೆ. ನನ್ನನ್ನು ಯಾರಾದರೂ ನೋಡುವುದಕ್ಕೆ ನನಗೆ ಅಭ್ಯಾಸವಾಗಿಲ್ಲ. ಭಾನುವಾರ ಬೇಕಾದದ್ದು ಎರಡನೆಯದು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿತು ಏನು ಬಂತು?

ಮರುದಿನ ನಾನೇ ಮಣೆ ಹಾಕಿದೆ. "ಇಲ್ಲೇ ಕೂತು ಮೀನು ಹೆಚ್ಚಿ ಕೊಡು. ನನ್ನ ನೋಡ್ತಾ ಇರು."

ಅವಳು ಹೆಚ್ಚಿದಳು, ನೋಡಿದಳು, ಆಡಿಕೊಂಡಳು. (ಹೆಚ್ಚುವ ಹೊತ್ತು ನನಗೆ ಉಳಿಯಿತು. ಲಾಭವೇ.) ತನ್ನ ಜೊತೆ ಮೀನು ಮಾರುವ ಇನ್ನಿಬ್ಬರನ್ನೂ ಕರೆತಂದಳು. "ಬೆಕ್ಕಿಗೆ ಮೀನಿನ್ ತಲೆ ಎಸ್ದಂಗೆ ಎಸೀರಿ ಅಮ್ಮಾ. ಅದು ನಮ್ಮೆದ್ರಿಗೆ ಯಾವತ್ತೂ ತಪ್ಪಿದ್ದಿಲ್ಲ" ಎಂದಳು. ಮೂವರೂ ನಕ್ಕರು. ಅವರ ನಗುವಿನ ನಡುವೆ ಡಿಸ್ಕು ಬುಟ್ಟಿಗೆ ಬಿತ್ತು.

ಭಾನುವಾರ ಬಂತು. ಗಾಳಿಮರದ ಕೆಳಗೆ ಮಂದಿಯೋ ಮಂದಿ. ಒಂದು ಎಸೆತ ತನ್ವಿಯದು, ಒಂದು ನನ್ನದು. ನನ್ನ ಮೊದಲನೆಯದನ್ನು ಕಡಲಗಾಳಿ ಎತ್ತಿ ಮರಳಿನಲ್ಲಿ ಹಾಕಿತು. ಎಲ್ಲರೂ ನೋಡಿದರು.

ಆಮೇಲೆ? ಆಮೇಲೆ ಏನೂ ಆಗಲಿಲ್ಲ. ಅವರು ಶೇಂಗಾ ತಿನ್ನುವುದನ್ನು ಮುಂದುವರಿಸಿದರು. ಇಷ್ಟಕ್ಕೇ ನಾನು ಇಷ್ಟು ವರ್ಷ ಹೆದರಿದ್ದೆನೆ?

ಕೊನೆಯ ಬುಟ್ಟಿಯ ಹತ್ತಿರ ತನ್ವಿಯ ಡಿಸ್ಕು ಬಿದ್ದಿತ್ತು. ಬಾವಿಕಟ್ಟೆಯಿಂದ ಪೇರಲೆ ಗಿಡಕ್ಕೆ ಇರುವಷ್ಟೇ ದೂರ. ನನ್ನ ಸರದಿ. ಬುಟ್ಟಿಯನ್ನೇ ನೋಡಿದೆ. ಹಿಂದಿನಿಂದ ಪರಿಚಯದ ದನಿ: "ಬೆಕ್ಕು ಕಾಯ್ತಾ ಉಂಟು ಅಮ್ಮಾ." ಖಾಲಿ ಬುಟ್ಟಿ ಹಿಡಿದು ದೇವಕಿ ನಿಂತಿದ್ದಳು.

ಎಸೆದೆ. ಸರಪಳಿ ಸದ್ದು ಮಾಡಿತು.

ಗೆಲ್ಲಲಿಲ್ಲ ಮಕ್ಕಳೇ, ಗೆಲುವಿನ ಹತ್ತಿರವೂ ಇರಲಿಲ್ಲ. ತನ್ವಿ ಮಾತ್ರ ಮನೆಯವರೆಗೂ ನನ್ನ ಕೈ ಬಿಡಲಿಲ್ಲ. "ಗಾಳಿಗೆ ಪ್ರಾಕ್ಟೀಸ್ ಮಾಡ್ಲೇ ಇಲ್ಲ ಅಜ್ಜಿ. ನಾಳೆಯಿಂದ ದಂಡೆಗೇ ಹೋಗ್ವಾ" ಎಂದಳು.

ಬರುವ ತಿಂಗಳು ಅಂಕೋಲೆಯಲ್ಲಿ ನನ್ನ ತಮ್ಮನ ಮಗಳ ಮದುವೆ. ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿ ಈ ಸಲ ಖಾಲಿ ಇರುತ್ತದೆ, ಕಾಲುನೋವಿನವರು ಯಾರಾದರೂ ಕೂರಬಹುದು.