ನಂಜಿಯಕ್ಕನ ತೋಟದ ಹೊದಿಕೆ

ನಂಜಿಯಕ್ಕ, ನಿನ್ನ ಚಹಾ ಗಿಡಗಳ ಮೇಲಿನ ಹೊದಿಕೆ ತೆಗೆಸಿದವಳು ನಾನು. ಪ್ರಮಿಳಾ ಅಲ್ಲ. ನಾನು. ಇಷ್ಟು ಹೇಳಲು ನನಗೆ ವರ್ಷಗಳೇ ಬೇಕಾದವು. ಬರೆದ ಮೇಲಾದರೂ ಅಳು ಬರಬಹುದು ಅಂದುಕೊಂಡಿದ್ದೆ — ಬರಲಿಲ್ಲ. ಒಳಗೆ ಏನೂ ಆಗುತ್ತಿಲ್ಲ.

ಆಗ ನಾನು ಊಟಿಯಲ್ಲಿ ಕೃಷಿ ಓದುತ್ತಿದ್ದೆ. ನಾವೂ ನೇಪಾಳದ ಕಾಲೇಜೊಂದರ ವಿದ್ಯಾರ್ಥಿಗಳೂ ಸೇರಿ, ಅರ್ಧ ಎಕರೆ, ಒಂದು ಎಕರೆ ಚಹಾ ಇಟ್ಟುಕೊಂಡವರಿಗೆಂದು ಪಾಠ ಮಾಡುತ್ತಿದ್ದೆವು. ಪ್ರಮಿಳಾ ಅಲ್ಲಿಯವಳು, ಅವಳ ಮನೆಯವರೂ ಬೆಟ್ಟದಲ್ಲಿ ಚಹಾ ಬೆಳೆಯುವವರೇ. ಅವಳು ಫೋನಿನ ಪರದೆಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ನಮ್ಮ ಹಟ್ಟಿಯವರಿಗೆ ಬಡಗ ಮಾತಿನಲ್ಲಿ ಹೇಳುತ್ತಿದ್ದೆ. ಮಧ್ಯೆ ಇದ್ದವಳು ನಾನೊಬ್ಬಳೇ. ಅದರ ಜಂಬವೂ ಇತ್ತು, ಸುಳ್ಳು ಯಾಕೆ.

ಕವ್ವಾತಿನ ಪಾಠಕ್ಕೆ — ಹಳೆಯ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕಡಿಯುವುದಕ್ಕೆ — ಯಾರೂ ತೋಟ ಕೊಡಲಿಲ್ಲ. ನೀನು ನನ್ನ ಮುಖ ನೋಡಿ ಕೊಟ್ಟೆ. ಹಳ್ಳದ ಪಕ್ಕದ ಆ ತುಂಡು ತೋಟ ಬಿಟ್ಟರೆ ನಿನಗೆ ಬೇರೆ ಗತಿ ಇರಲಿಲ್ಲ. ಕಡಿದ ಕಡ್ಡಿಯನ್ನು ಒಲೆಗೆ ಹೊತ್ತೊಯ್ಯುವುದು ನಮ್ಮಲ್ಲಿ ರೂಢಿ. ಒಯ್ಯಬೇಡಿ, ಅದನ್ನೇ ಬೋಳು ಗಿಡದ ಮೇಲೆ ಹೊದಿಸಿ, ಉರೈಪನಿ ಬಿದ್ದು ಇಬ್ಬನಿ ಹೆಪ್ಪುಗಟ್ಟಿದರೂ ಚಿಗುರು ಉಳಿಯುತ್ತದೆ ಎಂದಿದ್ದಳು ಪ್ರಮಿಳಾ. ನೀನು ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ಕೇಳಲು ಬಂದ ನಾದಿನಿಯನ್ನು ಬರಿಗೈಯಲ್ಲಿ ಕಳಿಸಿದೆ.

ಜನವರಿಯಲ್ಲಿ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆಯಲ್ಲಿದ್ದ ಸೌದೆ ಹಸಿ. ಅವ್ವೆ ನನ್ನನ್ನು ಕಾಡಿನ ಕಡೆ ಕಳಿಸಿದಳು. ಕಾಡು ದೂರ, ನಿನ್ನ ತೋಟ ಹತ್ತಿರ, ಕಡ್ಡಿ ಚೆನ್ನಾಗಿ ಒಣಗಿತ್ತು, ನೀನು ಊಟಿಗೆ ಹೋಗಿದ್ದೆ. ಒಂದು ಸಾಲಿನದು ತೆಗೆದೆ. ಇನ್ನೊಂದು — ಆಮೇಲೆ ಇನ್ನೊಂದು. ನಾಳೆ ಸೊಪ್ಪು ತಂದು ಮುಚ್ಚಿದರಾಯಿತು ಅಂದುಕೊಂಡೆ. ಕೊನೆಯ ಹೊರೆ ಕಟ್ಟುವಾಗ ನೀನು ಬಂದುಬಿಟ್ಟೆ.

“ಏನ ಕೂಸೆ ಇದು? ಹೊದಿಸಿದ್ದೆಲ್ಲ ಎಲ್ಲಿ ಹೋಚು?”

ಕದ್ದೆ ಎನ್ನಲು ಬಾಯಿ ಬರಲಿಲ್ಲ. ಸುಳ್ಳಿಗೆ ಬಂತು.

“ಪ್ರಮಿಳಾ ತೆಗೆಯಲು ಹೇಳಿದಳು ಅಕ್ಕ. ಇನ್ನು ಗಿಡಕ್ಕೆ ಬಿಸಿಲು ಬೇಕಂತೆ.”

“ಓ, ಹಂಗಾ?” ಅಂದೆ ನೀನು. ಅಷ್ಟೇ. ಹೊರೆಯನ್ನು ನನ್ನ ತಲೆಗೆ ಎತ್ತಿ ಕೊಟ್ಟೆ. ಮರುದಿನ ಉಳಿದ ಸಾಲುಗಳ ಹೊದಿಕೆಯನ್ನೆಲ್ಲ ನೀನೇ ತೆಗೆದೆ — ಪಾಠ ಅಂದ ಮೇಲೆ ಪಾಠ. ನಾನು ದಾರಿಯಲ್ಲಿ ನಿಂತು ನೋಡಿದೆ. ತಡೆಯದೆ ಮನೆಗೆ ನಡೆದೆ.

ಆ ವಾರವೇ ಉರೈಪನಿ ಬಿತ್ತು. ಹಳ್ಳದ ಬದಿಯೆಲ್ಲ ಉಪ್ಪು ಚೆಲ್ಲಿದಂತೆ ಬಿಳಿ. ಬಿಸಿಲೇರುವ ಹೊತ್ತಿಗೆ ನಿನ್ನ ಗಿಡದ ಚಿಗುರುಗಳು ಕಪ್ಪಾಗಿದ್ದವು. ಆಮೇಲೆ ಕಾಂಡಗಳೂ ಸೀಳಿ ಒಣಗಿದವು.

ಪ್ರಮಿಳಾಳಿಗೆ ನಾನು ಏನು ಹೇಳಿದೆ ಗೊತ್ತಾ? ನಂಜಿಯಕ್ಕನಿಗೆ ಪಾಠ ಅರ್ಥವಾಗಲಿಲ್ಲ, ಹೊದಿಕೆ ತೆಗೆದುಬಿಟ್ಟಳು ಎಂದೆ. ಅವಳು ನಿನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನೇ ಸರಿಯಾಗಿ ಹೇಳಿಕೊಡಬೇಕಿತ್ತು ಎಂದು ಕೊರಗಿದಳು. ತಪ್ಪಾಯಿತು ಅನ್ನುವುದನ್ನು ನಿಮ್ಮ ಮಾತಿನಲ್ಲಿ ಹೇಗೆ ಹೇಳುವುದು ಎಂದು ನನ್ನನ್ನೇ ಕೇಳಿದಳು. ನಾನು ಕಲಿಸಿಕೊಟ್ಟೆ. ಫೋನನ್ನು ನಿನ್ನ ಮುಖದ ಮುಂದೆ ಹಿಡಿದವಳೂ ನಾನೇ.

“ತಪ್ಪಾಚು, ಅಕ್ಕ,” ಅಂದಳು ಆ ಹುಡುಗಿ, ಅಳುತ್ತ.

ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಅಳಬೇಡ ಅಂತ ಹೇಳು ಕೂಸೆ” ಅಂದೆ. ಅದನ್ನೂ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದಕ್ಷರ ತಪ್ಪದೆ ಹೇಳಿದೆ. ಥೂ.

ಹಟ್ಟಿಯವರು ಮತ್ತೆ ಯಾವ ಪಾಠಕ್ಕೂ ಬರಲಿಲ್ಲ. ಪ್ರಮಿಳಾ ಆ ಕೆಲಸವನ್ನೇ ಬಿಟ್ಟಳು. ನೀನು ಗಿಡ ಕಿತ್ತು, ತೋಟ ಬೀಳು ಬಿಟ್ಟು, ಕೀಳ್ ಕೋತಗಿರಿಯ ಎಸ್ಟೇಟಿನ ಕೂಲಿಯವರ ಲೈನ್ ಮನೆಗೆ ಹೋದೆ. ಸ್ವಂತ ಎಲೆ ಕಿತ್ತ ಕೈಯಲ್ಲಿ ಈಗ ಕೂಲಿಗೆ ಎಲೆ ಕೀಳುತ್ತೀಯ.

ಮೊನ್ನೆ ಊಟಿ ಬಸ್ ನಿಲ್ದಾಣದಲ್ಲಿ ಸಿಕ್ಕೆಯಲ್ಲ. ಕೈ ಹಿಡಿದುಕೊಂಡು ಮೊದಲು ಕೇಳಿದ್ದೇ ಅವಳ ಬಗ್ಗೆ. “ಆ ನೇಪಾಳದ ಕೂಸು ಸುಖವಾಗಿದೆಯಾ? ನನಗೆ ಅವಳ ಮೇಲೆ ಕೋಪ ಇಲ್ಲ ಅಂತ ಹೇಳು.”

ಹೇಳುತ್ತೇನೆ ಅಕ್ಕ ಅಂದೆ. ಬಸ್ಸು ಹತ್ತಿದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕ್ಷಮಿಸಿಬಿಡುತ್ತೀಯ ಎಂಬುದೇ ಭಯ. ಈ ಭಾನುವಾರ ನಿನ್ನ ಲೈನ್ ಮನೆಗೆ ಬರುತ್ತೇನೆ. ನಿನ್ನ ಎದುರೇ ಕುಳಿತು ಪ್ರಮಿಳಾಳಿಗೆ ಫೋನು ಮಾಡುತ್ತೇನೆ. ಮೊದಲು ನಿನಗೆ ನಮ್ಮ ಮಾತಿನಲ್ಲಿ, ಆಮೇಲೆ ಅವಳಿಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ — ನೀವಿಬ್ಬರೂ ತಪ್ಪು ಮಾಡಲಿಲ್ಲ, ಕಡ್ಡಿ ಕದ್ದವಳು ನಾನು ಎಂದು.