ಪೆಟ್ರೋಲ್ ತುಂಬಿದ ಗಾಡಿ ನೂಕಿದ್ದು

1979ರಲ್ಲಿ, ಏಳನೆಯ ತರಗತಿಗೆ, ಶಾಲೆ ಬಿಟ್ಟೆ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹನ್ನೆರಡು ವರ್ಷ ಉಳ್ಳಾಗಡ್ಡಿ ಚೀಲ ಹೊತ್ತೆ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಆಮೇಲೆ ಸ್ವಂತ ದುಕಾನು ಹಿಡಿದು ಗಾದಿಯ ಮೇಲೆ ಕುಳಿತೆ. ಕುಳಿತವನು ಏಳಲಿಲ್ಲ. ನಮ್ಮ ಬಜಾರಿನಲ್ಲಿ ಸಾವಕಾರ ಎದ್ದು ಓಡಾಡಿದರೆ ಅವನ ಕಿಮ್ಮತ್ತು ಇಳಿಯುತ್ತದೆ. ಬಂದ ಗಿರಾಕಿಯ ಜೊತೆ ಚಹಾ ಕುಡಿಯಲೇಬೇಕು, ಒಲ್ಲೆ ಎಂದರೆ ಅವರಿಗೆ ಅವಮಾನ. ಹೊಟ್ಟೆ ಬಂದಾಗ ಊರಿನವರು, "ಧಂದೆ ಛಲೋ ನಡದದ ಅನ್ರಿ" ಎಂದು ಮೆಚ್ಚಿದರು. ನಾನೂ ಹೌದೆಂದುಕೊಂಡೆ.

2003ರ ಹೊತ್ತಿಗೆ ಗಾದಿಯಿಂದ ಏಳಲು ಕಂಬ ಹಿಡಿಯಬೇಕಾಯಿತು. ಡಾಕ್ಟರರು ರಕ್ತ ತಪಾಸಣೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. ದಿನಾ ನಡೆಯದಿದ್ದರೆ ಮುಂದೆ ಕಾಲಿನ ಸಣ್ಣ ಗಾಯವೂ ಮಾಯದೆ ಹೋದೀತು ಎಂದು ಎಚ್ಚರಿಸಿದರು. ಅಂದು ದುಕಾನಿನ ಕಾಟಾದ ಮೇಲೆ ನಾನೇ ನಿಂತೆ. ನೂರಾ ಆರು ಕಿಲೊ. ಎರಡು ಚೀಲದ ತೂಕ. ಕಾಲಿನ ಮಾತು ಎದೆಯಲ್ಲೇ ಕುಳಿತುಬಿಟ್ಟಿತು. ದಿನಾ ಸ್ನಾನವಾದ ಮೇಲೆ ಬೆರಳ ಸಂದಿಗಳನ್ನು ನೋಡುವಂತೆ ಹೆಂಡತಿಗೆ ಹೇಳುತ್ತಿದ್ದೆ. ನನಗೆ ಬಗ್ಗಲಾಗುತ್ತಿರಲಿಲ್ಲ.

ಸ್ಕೂಟರ್ ಬಿಟ್ಟು, ಕೊಂಢವಾ ಬಡಾವಣೆಯ ಮನೆಯಿಂದ ದುಕಾನಿಗೆ ನಡೆದೇ ಹೊರಟೆ. ಪಕ್ಕದ ದುಕಾನಿನ ವಿಜಾಪುರದ ವ್ಯಾಪಾರಿಯ ಮನೆಯೂ ನಮ್ಮ ಓಣಿಯಲ್ಲೇ. ಮೊದಲ ದಿನವೇ ಗಾಡಿ ನಿಲ್ಲಿಸಿ ಕೇಳಿದರು:

"ಯಾಕ್ರೀ ಸಾವಕಾರ್ರ, ಗಾಡಿ ಮಾರಿದ್ರೇನು?"

"ಇಲ್ರಿ, ಸುಮ್ನ ಅಡ್ಡಾಡ್ಕೋತ ಹೊಂಟೀನಿ."

"ಇರ್ಲಿ ಬಿಡ್ರಿ. ಎಲ್ಲಾರಿಗೂ ಬರ್ತಾವ ಅಂಥಾ ದಿನ."

ನಾಲ್ಕನೆಯ ದಿನ, ವರ್ಷಗಟ್ಟಲೆ ನನಗೇ ಮಾಲು ತರುತ್ತಿದ್ದ ರೈತರೊಬ್ಬರು ಬೇರೆಯವರ ದುಕಾನಿನ ಮುಂದೆ ಚೀಲ ಇಳಿಸಿದರು. ನಾನು ಮುಳುಗುತ್ತಿದ್ದೇನೆ ಎಂಬ ಸುದ್ದಿ ನನಗಿಂತ ಜೋರಾಗಿ ನಡೆದಿತ್ತು. ನಡೆದರೆ ದುಕಾನು ಹೋಗುತ್ತದೆ, ನಡೆಯದಿದ್ದರೆ ಕಾಲು. ಎರಡು ದಿನ ಅನ್ನ ಸೇರಲಿಲ್ಲ.

ಕೊನೆಗೆ, ಪೆಟ್ರೋಲ್ ತುಂಬಿದ ಸ್ಕೂಟರನ್ನು ನೂಕಿಕೊಂಡು ಹೋಗತೊಡಗಿದೆ. ಗಾಡಿ ಕೆಟ್ಟಿದೆ ಎಂದರೆ ಧಂದೆ ಕೆಟ್ಟಿದೆ ಎಂದು ಯಾರೂ ಅನ್ನುವುದಿಲ್ಲವಲ್ಲ. ಐದು ದಿನ ಸಾಗಿತು. ಆರನೆಯ ದಿನ ಅದೇ ವ್ಯಾಪಾರಿ ದಾರಿಯಲ್ಲಿ ಸಿಕ್ಕು, "ಸರೀರಿ, ನಾ ನೋಡ್ತೀನಿ" ಎಂದು ಒಂದೇ ಕಿಕ್ಕಿಗೆ ಚಾಲೂ ಮಾಡಿದರು. ಗಾಡಿ ಗುಡುಗುಡು ಸದ್ದು ಮಾಡತೊಡಗಿತು.

"ಇದಕ್ಕೇನೂ ಆಗಿಲ್ಲಲ್ರೀ."

"ನನಗ ಆಗೇದರಿ," ಎಂದೆ. "ಸಕ್ಕರಿ ಬ್ಯಾನಿ. ಕಾಲು ಉಳೀಲಿ ಅಂತ ನಡೀತೀನಿ."

ಅವರು ತಮ್ಮ ಹೊಟ್ಟೆ ನೋಡಿಕೊಂಡರು. "ನನಗೂ ಅದರೀ. ಮನ್ಯಾಗೂ ಹೇಳಿಲ್ಲ."

ಮರುದಿನದಿಂದ ಇಬ್ಬರೂ ಗಾಡಿ ಬಿಟ್ಟು ನಡೆದೆವು. ಇಬ್ಬರೂ ಒಟ್ಟಿಗೇ ಮುಳುಗಿದರೆಂದು ಬಜಾರು ಕೆಲವು ದಿನ ಆಡಿಕೊಂಡಿತು. ಆ ರೈತರು ಮಾತ್ರ ಮರಳಿ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಬೆರಳ ಸಂದಿಗಳನ್ನು ಈಗಲೂ ದಿನಾ ನೋಡಿಕೊಳ್ಳುತ್ತೇನೆ, ನಾನೇ ಬಗ್ಗಿ.

ಈಗ ಇರುವುದು ಇಷ್ಟು: ಒಂದು ದುಕಾನು, ಒಂದು ಸ್ಕೂಟರ್, ದಿನಕ್ಕೆ ಎರಡು ಗುಳಿಗೆ, ಎಂಬತ್ತೊಂಬತ್ತು ಕಿಲೊ ತೂಕದ ಮೈ, ಕಾಲಲ್ಲಿ ಹತ್ತೂ ಬೆರಳು.